ಮೂವತ್ತೊಂದು ಚೀಟಿ

೧೯೬೮ರಲ್ಲಿ ಪರ್ತ್‌ನಿಂದ ಉತ್ತರಕ್ಕಿದ್ದ ಮಿಷನ್ ಹಾಸ್ಟೆಲೊಂದರಲ್ಲಿ ಮೂವತ್ತೊಂದು ಮೂಲನಿವಾಸಿ ಮಕ್ಕಳಿಗೆ ಪ್ರಯೋಗದ ಲಸಿಕೆ ಚುಚ್ಚಿ ರಕ್ತ ತೆಗೆದರು. ನಾಲ್ವರು ಸತ್ತರು. ತಾಯಂದಿರನ್ನು ಯಾರೂ ಕೇಳಲಿಲ್ಲ.

ಆ ರಕ್ತ, ಮಗುವಿಗೊಂದು ಕೊಳವೆಯಂತೆ, ಕೊಳವೆಗೊಂದು ಹೆಸರಿನ ಚೀಟಿಯಂತೆ, ಅಡಿಲೇಡ್‌ನ ಸಂಶೋಧನಾ ಕೇಂದ್ರವೊಂದರ ಫ್ರೀಜರಿನಲ್ಲಿ ಇನ್ನೂ ಇತ್ತು. ಅದರ ಉಸ್ತುವಾರಿ ಲಿನೆಟ್ಟಳದು. ಮಂಗಳೂರಿನವಳು, ಹನ್ನೆರಡು ವರ್ಷ ಕುವೈತಿನ ಲ್ಯಾಬುಗಳಲ್ಲಿ ಹೇಳಿದ್ದನ್ನು ಮಾಡಿ, ಬಾಯಿ ಮುಚ್ಚಿಕೊಂಡಿದ್ದು, ಇಲ್ಲಿಗೆ ಬಂದವಳು.

ಕಳೆದ ತಿಂಗಳು ಪರ್ತ್‌ನ ಸದರ್ನ್ ರಿವರ್‌ನಿಂದ ಡೋರೀನ್ ಎಂಬ ಮುದುಕಿಯ ಪತ್ರ ಬಂತು. ‘ಸತ್ತವರಲ್ಲಿ ನನ್ನ ತಂಗಿಯೂ ಒಬ್ಬಳು. ಆರು ವರ್ಷದವಳು. ಸತ್ತವರ ಹೆಸರನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಚೀಟಿಯ ಮೇಲಿರುತ್ತದೆ, ನೋಡಿ. ಅವಳ ರಕ್ತ ಕೊಡಿ, ಮಣ್ಣು ಮಾಡಬೇಕು.’ ಲಿನೆಟ್ ಮನೆತನದ ಹೆಸರು ಹಿಡಿದು ಹುಡುಕಿ, ಕೊಳವೆ ಪತ್ತೆ ಮಾಡಿ, ಮೇಲಿನವರಿಗೆ ಬರೆದಳು.

ಉತ್ತರದ ಬದಲು ಬ್ರಿಸ್ಬೇನ್‌ನಿಂದ, ಆ ರಕ್ತದ ಮೇಲೆ ಹೊಸ ಸಂಶೋಧನೆಗೆ ಹೊರಟಿದ್ದ ಯೋಜನೆಯ ಮುಖ್ಯಸ್ಥ ಡಾ. ರಾಜಗೋಪಾಲರೇ ಬಂದಿಳಿದರು. ಎಲ್ಲರೊಡನೆ ಇಂಗ್ಲಿಷಿನಲ್ಲಿ ನಗುನಗುತ್ತ ಮಾತಾಡಿದವರು, ಲಿನೆಟ್ಟಳ ಮೇಜಿನ ಹತ್ತಿರ ಬಂದದ್ದೇ ದನಿ ತಗ್ಗಿಸಿ ಕನ್ನಡಕ್ಕೆ ಇಳಿದರು. ಮೂವತ್ತೊಂದು ನಂಬರುಗಳ ಹಾಳೆಯನ್ನು ಅವಳ ಮುಂದೆ ತಳ್ಳಿದರು.

“ಹಳೇ ಚೀಟಿ ಕಿತ್ತಾಕಿ ಇದನ್ನ ಅಂಟಿಸ್ಬಿಡಮ್ಮ. ಹೆಸ್ರೇ ಇಲ್ಲ ಅಂದ್ಮೇಲೆ ಮನೆಯೋರ ಒಪ್ಪಿಗೆ ಕೇಳೋ ಗೋಜಿಲ್ಲ. ಇವತ್ತು ಮಧ್ಯಾಹ್ನಾನೇ ನನ್ ಫ್ಲೈಟು, ಬೇಗ.”

“ಡೋರೀನ್ ಆಂಟಿಯ ತಂಗಿಯದ್ದು, ಸರ್?”

“ಯಾವ ನಂಬರ್ ಯಾರ್ದು ಅಂತ ನಂಗೇ ಗೊತ್ತಿರಲ್ಲ, ಇನ್ನು ನಿಮ್ಮಾಂಟಿಗೆಲ್ಲಿ?” ನಕ್ಕರು. “ಒಬ್ರಿಗೆ ಕೊಟ್ರೆ ಉಳಿದ ಮೂವತ್ತು ಮನೆಯೋರೂ ಬಾಗ್ಲಿಗೆ ಬರ್ತಾರೆ.”

“ಇದನ್ನು ಇಂಗ್ಲಿಷಿನಲ್ಲಿ ಹೇಳಿ ಸರ್. ಅಲ್ಲಿ ಕೂತವರಿಗೂ ಕೇಳಲಿ.”

ನಗು ಇಂಗಿತು. “ನಿನ್ ಕಾಂಟ್ರಾಕ್ಟ್ ಜೂನ್‌ಗೆ ಮುಗಿಯುತ್ತೆ, ಜ್ಞಾಪಕ ಇದೆ ತಾನೆ? ನಾನೂ ಕರಿಯನೇ ಕಣಮ್ಮ, ನಂಗೆ ಪಾಠ ಬೇಡ. ಇಲ್ಲಿ ಒಳ್ಳೇ ಪೇಪರ್ ಬರೆದ್ರೇನೇ ನಮ್ಮಂಥೋರಿಗೆ ಮರ್ಯಾದೆ.”

“ಅಂದು ಸೂಜಿ ಹಿಡಿದ ಡಾಕ್ಟರಿಗೂ ಪೇಪರೇ ಬೇಕಿತ್ತು, ಸರ್.”

“ಕೀಳು ಅಂದ್ನಲ್ಲ!”

ಜೂನ್ ಬಹಳ ದೂರವಿರಲಿಲ್ಲ. ಲಿನೆಟ್ ಎದ್ದು ಫ್ರೀಜರಿಗೆ ಬೀಗ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಕೀಳುದಿಲ್ಲ ಸರ್. ಒಂದನ್ನೂ ಕೀಳುದಿಲ್ಲ. ನಿಮಗೂ ಕೀಳಲಿಕ್ಕೆ ಬಿಡುದಿಲ್ಲ.”