ಆಕಾಶದ ಕುಂಟುಕೋಳಿ

ಕುಂಟುಕೋಳಿ ಎಂಬ ನಕ್ಷತ್ರಪುಂಜ ಆಕಾಶದಲ್ಲಿ ಇಲ್ಲವೇ ಇಲ್ಲ ಎಂಬುದು ಇಡೀ ಮಂಗಳೂರು ಬಂದರಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬ, ಮಂಜಿ ಎಂಬ ಸರಕಿನ ಹಾಯಿಹಡಗು ಓಡಿಸುವ ತಂಡೇಲ ಮೊಯ್ದೀನಬ್ಬ. ಗೊತ್ತಿರದೆ ಏನು, ಅದನ್ನು ಹುಟ್ಟಿಸಿದವನೇ ಅವನಲ್ಲವೇ!

ಅದಾಗಿ ಇಪ್ಪತ್ತಮೂರು ವರ್ಷ. ಆಗಷ್ಟೇ ಮೀಸೆ ಬಂದು ತಂಡೇಲನಾಗಿದ್ದ ಮೊಯ್ದೀನಬ್ಬ ಅಮಿನಿ ದ್ವೀಪದಿಂದ ತೆಂಗಿನಕಾಯಿ ತುಂಬಿಸಿಕೊಂಡು ಬರುವಾಗ ಮಂಜಿಗೆ ದಾರಿ ತಪ್ಪಿತು. ಹಾಯಿ ಕಟ್ಟುವ ನಾಲ್ವರೂ ಈ ಪೋಕರಿಯನ್ನು ನಂಬಿ ಕೆಟ್ಟೆವು ಎಂದು ಬೊಬ್ಬೆ ಹಾಕತೊಡಗಿದರು. ಅವರ ಬಾಯಿ ಮುಚ್ಚಿಸಲು ಮೊಯ್ದೀನಬ್ಬ ಮೇಲಕ್ಕೆ ಕೈ ತೋರಿಸಿ, ಅದು ಕುಂಟುಕೋಳಿ, ಅಜ್ಜನ ಕಾಲದಿಂದ ನಮಗೆ ದಾರಿ ಹೇಳುವುದು ಅದೇ, ಅದರ ಕುಂಟುಕಾಲು ಚಾಚಿದ ಕಡೆಗೇ ಮಂಗಳೂರು ಎಂದುಬಿಟ್ಟ. ಯಾವ ನಕ್ಷತ್ರಕ್ಕೆ ಕೈ ತೋರಿಸಿದನೋ ಅವನಿಗೇ ತಿಳಿಯದು. ಬೆಳಗಾಗುವಾಗ ನೋಡಿದರೆ, ಕಣ್ಣೆದುರೇ ಮಂಗಳೂರಿನ ಅಳಿವೆ ಬಾಗಿಲು!

ಅಲ್ಲಿಂದ ಸುಳ್ಳಿಗೆ ರೆಕ್ಕೆಪುಕ್ಕ ಬಂದದ್ದೇ ಬಂದದ್ದು. ಮಂಜಿಗಳಲ್ಲಿ ಮೊಟ್ಟೆ ತಿನ್ನುವುದು ನಿಂತಿತು. ಕುಂಟುಕಾಲು ಮಬ್ಬಾಗಿ ಕಂಡರೆ ಯಾರೂ ಹಾಯಿ ಬಿಚ್ಚುವಂತಿಲ್ಲ. ಮೊಯ್ದೀನಬ್ಬನ ಬಲಗೈಯಂತಿದ್ದ ಮಾಯಿಲಪ್ಪನ ಹೆಂಡತಿ, ಬಾಗಿ ಎಂಬವಳು, ಗಂಡ ಕಡಲಿಗೆ ಹೊರಟ ದಿನ ಅಂಗಳದಲ್ಲಿ ಆ ಕೋಳಿಗೆಂದು ಒಂದು ಹಿಡಿ ಅಕ್ಕಿ ಎರಚುತ್ತಿದ್ದಳು. ಮೊಯ್ದೀನಬ್ಬನೋ, ಧ್ರುವನಕ್ಷತ್ರ ನೋಡಿಕೊಂಡು, ಸೊಂಟದಲ್ಲಿದ್ದ ದಿಕ್ಸೂಚಿಯನ್ನು ಕದ್ದು ನೋಡಿಕೊಂಡು ಮಂಜಿ ಓಡಿಸುತ್ತ, ಬಾಯಿಗೆ ಬೀಗ ಹಾಕಿಕೊಂಡಿದ್ದ. ನಂಬಿದವರ ಮುಖ ನೋಡುವಾಗೆಲ್ಲ ಅವನಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಐವತ್ತೇಳರಲ್ಲಿ, ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಘಟ್ಟದ ಮೇಲಿನಿಂದ ಬಂದರಿಗೆ ಹೊಸ ಅಧಿಕಾರಿಯೊಬ್ಬರು ಬಂದರು. ಕಡಲನ್ನು ಅವರು ನೋಡಿದ್ದು ಅದೇ ಮೊದಲಂತೆ. ಇನ್ನು ಮುಂದೆ ನಕ್ಷತ್ರಜ್ಞಾನದ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ಪಡೆದವನೇ ತಂಡೇಲ, ಉಳಿದವರು ದಡದಲ್ಲಿ ಕೂರಬೇಕು ಎಂದು ಅವರ ಅಪ್ಪಣೆಯಾಯಿತು. ಮೊಯ್ದೀನಬ್ಬನಿಗೆ ಚಿಂತೆ ಹತ್ತಿತು. ದಡದಲ್ಲಿ ಕೂತು ಮಾಡುವುದೆಂತ? ಅವನಿಗೆ ಮಂಜಿ ಬಿಟ್ಟು ಬೇರೆ ಕಸುಬು ಗೊತ್ತಿರಲಿಲ್ಲ.

ಓದಿದವರ ಎದುರು ಕುಂಟುಕೋಳಿಯ ಆಟ ನಡೆಯದು ಎಂದುಕೊಂಡು, ಬಂದರಿನ ಯಾರ ಕಣ್ಣಿಗೂ ಬೀಳದಂತೆ ಬಿಕರ್ನಕಟ್ಟೆಗೆ ನಡೆದು, ನಕ್ಷತ್ರ ಬಲ್ಲ ಆರ್ಥರ್ ಮಾಸ್ತರರ ಬಳಿ ಪಾಠಕ್ಕೆ ಕೂತ. ಸಪ್ತರ್ಷಿ, ಧ್ರುವ, ಕೃತ್ತಿಕೆ, ಮಹಾವ್ಯಾಧ. ಮನೆಯಲ್ಲಿ ಹೆಂಡತಿ ಖತೀಜಮ್ಮ ಬಂಗುಡೆ ಮೀನು ಕೊಯ್ಯುತ್ತ ಪ್ರಶ್ನೆ ಕೇಳುವಳು, ಇವನು ಕೈಕಟ್ಟಿ ನಿಂತು ಒಪ್ಪಿಸುವನು. ತಪ್ಪಿದರೆ ಊಟ ಅರ್ಧ ಗಂಟೆ ತಡ.

ಪರೀಕ್ಷೆಯ ದಿನ, ಮಂಜಿಗಳು ತಂಗುವ ದಕ್ಕೆಯ ಪಕ್ಕದ ಕಚೇರಿಗೆ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದರು. ಮಾಯಿಲಪ್ಪನೂ ಒಂದು ಕೈ ನೋಡುವ ಎಂದು ಬಂದಿದ್ದ. ಕೊನೆಗೆ ಮೊಯ್ದೀನಬ್ಬನ ಸರದಿ. ಆ ಹೊಸ ಸಾಹೇಬರು ಕೇಳಿದ್ದಕ್ಕೆಲ್ಲ ಅವನು ನೀರು ಕುಡಿದಷ್ಟು ಸಲೀಸಾಗಿ ಉತ್ತರ ಕೊಟ್ಟ. ಸಾಹೇಬರು ತಲೆದೂಗಿ, ಮೇಜಿನ ಮೇಲಿನ ಕಾಗದವೊಂದನ್ನು ಎತ್ತಿಕೊಂಡು ಕೇಳಿದರು:

“ಕೊನೇ ಪ್ರಶ್ನೆ. ಈ ಕುಂಟುಕೋಳಿ ಎಲ್ಲಿರತ್ತೆ, ಹೇಳಿ.”

ಮೊಯ್ದೀನಬ್ಬ ಸಿಕ್ಕಿಬಿದ್ದೆ ಎಂದೇ ತಿಳಿದ. ಇವರು ಎಲ್ಲ ವಿಚಾರಿಸಿಕೊಂಡೇ ಬಲೆ ಬೀಸಿದ್ದಾರೆ; ಇನ್ನೂ ಸುಳ್ಳು ಹೇಳಿದರೆ ಮಾನವೂ ಹೋಯಿತು, ಮಂಜಿಯೂ ಹೋಯಿತು. ಆದದ್ದಾಗಲಿ ಎಂದು ಇದ್ದದ್ದನ್ನು ಹೇಳಿಬಿಟ್ಟ.

“ಸಾರ್, ಅಂಥದ್ದು ಎಂತದೂ ಇಲ್ಲ. ಅದು ನಾನು ಕಟ್ಟಿದ ಸುಳ್ಳು.”

ಸಾಹೇಬರು ಕನ್ನಡಕ ತೆಗೆದು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಬೆಳಗಿನಿಂದ ಬಂದ ಒಂಬತ್ತು ಜನರೂ ಮೊದಲು ಹೇಳಿದ್ದೇ ಕುಂಟುಕೋಳಿಯಂತೆ. ಪುಸ್ತಕದಲ್ಲಿಲ್ಲದ ಈ ಅನುಭವದ ವಿದ್ಯೆಗೆ ಮಾರುಹೋಗಿ ಅವರು ಆ ಕಾಗದದ ಮೇಲೆ ಅದರ ಚಿತ್ರವನ್ನೇ ಬರೆಸಿಕೊಂಡಿದ್ದರು.

“ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ನಕ್ಷತ್ರ ನಾನೇ ಮಾಡಿದೆ ಅಂತೀರಲ್ರೀ! ಬರೀ ಬಾಯಿಪಾಠ ಮಾಡಿ ಬಂದವರನ್ನ ನಂಬಿ ನಾನು ಜನರನ್ನ ಕಡಲಿಗೆ ಕಳಿಸಲ್ಲ.”

ಫೇಲು. ಮೂರು ತಿಂಗಳ ಮೇಲೆ ಮತ್ತೆ ಬರಬೇಕು. ಮಾಯಿಲಪ್ಪ ಪಾಸು. ಮೊಯ್ದೀನಬ್ಬನ ಸ್ವಂತ ಮಂಜಿಗೆ ಅಲ್ಲಿಯವರೆಗೆ ಮಾಯಿಲಪ್ಪನೇ ತಂಡೇಲ.

ಈ ಸುದ್ದಿಗೆ ಕುಣಿಯಬೇಕಾದ ಮಾಯಿಲಪ್ಪ ಅಳುವ ಮುಖ ಮಾಡಿಕೊಂಡಿದ್ದ. ತಂಡೇಲರೇ ಕುಂಟುಕೋಳಿ ಇಲ್ಲ ಎಂದರಂತೆ ಎಂದು ಕೇಳಿ, ಪಾಪ, ಅವರಿಗೆ ಅರಳುಮರಳು ಹಿಡಿಯಿತು ಎಂದೇ ಅವನು ನಂಬಿದ. ಅಂದು ಸಂಜೆಯ ಮಗ್ರಿಬ್ ನಮಾಜು ಮುಗಿಸಿ, ನಕ್ಷತ್ರ ಮೂಡುವ ಹೊತ್ತಿಗೆ ಮೊಯ್ದೀನಬ್ಬ ದಕ್ಕೆಗೆ ಬಂದಾಗ, ಕೈಹಿಡಿದು ಮಂಜಿಯ ಮೇಲೆ ಕೂರಿಸಿ ಆಕಾಶಕ್ಕೆ ಬೆರಳು ತೋರಿಸಿದ.

“ಬೇಸರ ಮಾಡ್ಬೇಡಿ ತಂಡೇಲರೇ. ನೀವು ಕಲಿಸಿದ್ದನ್ನೇ ನಿಮಗೆ ನೆನಪು ಮಾಡಿಸ್ತೇನೆ. ಅಗೊ ಕೊಕ್ಕು, ಇದು ಹೊಟ್ಟೆ. ಹಿಂದೆ ಮರಿಗಳು ಉಂಟಲ್ಲ, ಅದು ಎಷ್ಟು ಹೇಳಿ?”

ಮೊಯ್ದೀನಬ್ಬ ಬೆಚ್ಚಿಬಿದ್ದ. ಮರಿಗಳ ಮಾತನ್ನು ಅವನು ಜನ್ಮದಲ್ಲಿ ಎತ್ತಿರಲಿಲ್ಲ. ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದವನು ಪಕ್ಕಕ್ಕೆ ತಿರುಗಿದ. ಮಾಯಿಲಪ್ಪನ ಕಣ್ಣಲ್ಲಿ ನೀರು ಆಡುತ್ತಿತ್ತು. ತನ್ನ ಮೇಲೆ ಇವನಿಗೆ ಇಷ್ಟು ಪ್ರೀತಿಯೇ ಎಂದುಕೊಂಡು ಮೊಯ್ದೀನಬ್ಬ ಆ ಮಾತನ್ನು ಅಲ್ಲೇ ಬಿಟ್ಟ.

“ಆರು,” ಎಂದ ಮೆಲ್ಲಗೆ.

“ಏಳು,” ಎಂದ ಮಾಯಿಲಪ್ಪ. “ಸರಿ ನೋಡಿ ಮಾರಾಯ್ರೇ. ನಾಳೆ ಪುನಃ ಕೇಳ್ತೇನೆ.”

ಮೊಯ್ದೀನಬ್ಬ ಟೊಪ್ಪಿ ಸರಿಮಾಡಿಕೊಂಡು, ತಲೆ ಎತ್ತಿ, ಮೊದಲಿನಿಂದ ಎಣಿಸತೊಡಗಿದ.