ಯಾವ ಕಾಲು ತೊಳೆಯಲಿ

ಚೂ ನದಿ ಬಯಲಿನ ಆ ಮೆನ್ನೊನೈಟ್ ಪಂಗಡದ ಕ್ರೈಸ್ತರ ಊರಿನಲ್ಲಿ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆಂದು ಕಾಲು ತೊಳೆಯುವ ಭಾನುವಾರ ಬಂತೆಂದರೆ ಹೆಂಗಸರೆಲ್ಲ ಮನೆಯಲ್ಲೇ ಸೋಪು ಹಚ್ಚಿ ಕಾಲುಜ್ಜಿಕೊಂಡು, ಹೊಸ ಕಾಲುಚೀಲ ಹಾಕಿಕೊಂಡು ಪ್ರಾರ್ಥನಾ ಮನೆಗೆ ಬರುತ್ತಾರೆ. ತೊಳೆದ ಕಾಲನ್ನೇ ಒಬ್ಬರಿಗೊಬ್ಬರು ಮತ್ತೆ ತೊಳೆದು, ಕೆನ್ನೆಗೆ ಮುತ್ತಿಟ್ಟು, ದೀನತೆ ಕಲಿತೆವೆಂದು ಮನೆಗೆ ಹೋಗುತ್ತಾರೆ. ಈ ಸಲ ಯುಸ್ತಿನಾ ಮಾತ್ರ ಹಸು ಕರೆದು ಕೊಟ್ಟಿಗೆಯಿಂದ ನೇರವಾಗಿ ಬಂದಳು. ಬೆರಳ ಸಂದಿಯ ಸಗಣಿಯನ್ನು ಬೇಕೆಂದೇ ಉಳಿಸಿಕೊಂಡಿದ್ದಳು.

ಅವಳ ಹೊಟ್ಟೆ ಉರಿಯುತ್ತಿತ್ತು, ಉರಿಯದೆ ಏನಾದೀತು. ಕಳೆದ ವಾರ, ಪ್ರಾರ್ಥನಾ ಸಭೆ ನಡೆಸುವ ಹಿರಿಯರ ಮಗ ಗೆರ್ಹಾರ್ಟ್, ಅವಳ ಮಗಳು ಲೀಸ್ಬೆತ್‌ಳನ್ನು ಜೀಪಿನಲ್ಲಿ ಕರೆತರುವಾಗ ನೆರೆಯ ಸಬಿರ್‌ಬೆಕ್‌ನ ಗಬ್ಬದ ಕುದುರೆಗೆ ಗುದ್ದಿದ್ದ. ನಿಲ್ಲಿಸು ಎಂದು ಹುಡುಗಿ ಗೋಗರೆದರೂ ನಿಲ್ಲಿಸಲಿಲ್ಲ. ಕುದುರೆ ರಸ್ತೆಬದಿಯಲ್ಲಿ ಒದ್ದಾಡಿ ಸತ್ತಿತು. ಆದರೆ ಮುಂದಿನ ತಿಂಗಳು ಬೋಧಕನಾಗಬೇಕಾದವನ ಹೆಸರು ಕೆಡಬಾರದಲ್ಲ. ಅದಕ್ಕೇ ಹಿರಿಯರ ಹೆಂಡತಿ ಆಗ್ನೇತಾ ಯುಸ್ತಿನಾಳ ಅಡುಗೆಮನೆಗೆ ಬಂದು, ಚಹಾ ಕುಡಿದು, "ಗಾಡಿ ಓಡಿಸಿದ್ದು ತಾನೇ ಅಂತ ಲೀಸ್ಬೆತ್ ಸಭೇಲಿ ಹೇಳ್ಬಿಡಲಿ. ಒಬ್ಬರ ಹೊರೆ ಇನ್ನೊಬ್ರು ಹೊರೋದನ್ನೇ ಅಲ್ವಾ ಯೇಸು ಕಲಿಸಿದ್ದು?" ಎಂದಿದ್ದಳು.

ಲೀಸ್ಬೆತ್ ತಲೆಯಾಡಿಸಿಬಿಟ್ಟಿದ್ದಳು. ಹಾಗೆ ಒಪ್ಪಿಕೊಂಡವಳಿಗೆ ವರ್ಷವಿಡೀ ಹಿಂದಿನ ಬೆಂಚಿನ ಶಿಕ್ಷೆ, ಊರ ತುಂಬ ಕುದುರೆ ಕೊಂದವಳೆಂಬ ಹೆಸರು. ಮಕ್ಕಳಿಗೆ ಹಾಡು ಕಲಿಸುವುದೂ ತಪ್ಪುತ್ತದೆ. ಆ ಹುಡುಗಿಗೆ ಅದು ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ.

"ಯೇಸು ತಾನಾಗೇ ಹೊತ್ತ ಕಣೇ," ಎಂದು ಯುಸ್ತಿನಾ ಆ ಬೆಳಿಗ್ಗೆಯೂ ಬೈದಿದ್ದಳು. "ಯಾರ ಹೆಂಡ್ತೀನೂ ಮನೆಗೆ ಬಂದು ಚಹಾ ಕುಡಿದು ಒಪ್ಪಿಸಿರಲಿಲ್ಲ."

"ನಾನೂ ನಾನಾಗೇ ಹೊರ್ತಿದ್ದೀನಮ್ಮ. ನೀನು ಸುಮ್ನಿರು."

ಈ ದಿನ ಕಾಲು ತೊಳೆದಾದ ಮೇಲೆ ಲೀಸ್ಬೆತ್ ಸಭೆಯೆದುರು ಎದ್ದು ನಿಂತು ಆ ಸುಳ್ಳು ಹೇಳಬೇಕಿತ್ತು.

ಪ್ರಾರ್ಥನಾ ಮನೆಯಲ್ಲಿ ಯುಸ್ತಿನಾ ಹೋಗಿ ಆಗ್ನೇತಾಳ ಎದುರಿಗೇ ಕುಳಿತು ಕಾಲು ಚಾಚಿದಳು. ಮೂಗು ಮುಚ್ಚಿಕೊಳ್ಳಲಿ, ಎಲ್ಲರೂ ನೋಡಲಿ ಎಂದು ಕಾದಳು. ಆಗ್ನೇತಾ ಮುಖ ಕೂಡ ಸಿಂಡರಿಸಲಿಲ್ಲ. ಮಂಡಿಯೂರಿ, ಬೆರಳ ಸಂದಿಯನ್ನೂ ಬಿಡದೆ ತೊಳೆದು ಒರೆಸಿ, ಎದ್ದು ಕೆನ್ನೆಗೆ ಮುತ್ತಿಟ್ಟಳು. "ನೋಡಿದ್ಯಾ ಯುಸ್ತಿನಾ, ಬಗ್ಗೋದು ಎಷ್ಟು ಸುಲಭ," ಎಂದು ಕಿವಿಯಲ್ಲಿ ಹೇಳಿದಳು. "ಲೀಸ್ಬೆತ್‌ಗೂ ಸ್ವಲ್ಪ ಧೈರ್ಯ ಹೇಳು."

ಯುಸ್ತಿನಾಳ ಮೈಯೆಲ್ಲ ಉರಿದುಹೋಯಿತು. ಸಗಣಿ ತೊಳೆಯಲು ಈಕೆಗೆ ಕಷ್ಟವೇ ಇಲ್ಲ, ಮಗನ ತಪ್ಪು ಹೇಳಲು ಮಾತ್ರ ಬಾಯಿ ಬರುವುದಿಲ್ಲ. ಇಂಥ ದೀನತೆಗೆ ಬೆಂಕಿ ಬೀಳಲಿ.

ಈಗ ಅವಳ ಸರದಿ. ಆಗ್ನೇತಾ ಬೆಳ್ಳನೆಯ ಪಾದಗಳನ್ನು ಮುಂದಿಟ್ಟಳು. ಯುಸ್ತಿನಾ ಅವನ್ನು ಬಿಟ್ಟು ಬೋಗುಣಿ ಎತ್ತಿಕೊಂಡು, ಬರಿಗಾಲಲ್ಲೇ ನಡುವಿನ ಹಾದಿ ದಾಟಿ, ಯಾವ ಹೆಂಗಸೂ ಹೋಗದ ಗಂಡಸರ ಕಡೆಗೆ ಹೋದಳು. ಕಾಲು ತೊಳೆಯುತ್ತ ಎಲ್ಲರೂ ಹೇಳುತ್ತಿದ್ದ ಹಾಡು ನಿಂತಿತು. ಗೆರ್ಹಾರ್ಟ್‌ನ ಮುಂದೆ ಬೋಗುಣಿ ಕುಕ್ಕಿ ಮಂಡಿಯೂರಿದಳು. ಮಂಡಿಯೂರಿದವರಿಗೆ ಕಾಲು ಕೊಡುವುದಿಲ್ಲ ಎಂದರೆ ಅವರಲ್ಲಿ ಅದಕ್ಕಿಂತ ದೊಡ್ಡ ಅಹಂಕಾರವಿಲ್ಲ. ಹಿರಿಯರೂ ತಡೆಯಲಾಗದೆ ಕುಳಿತರು.

"ಅಮ್ಮ, ಬೇಡ," ಎಂದಳು ಲೀಸ್ಬೆತ್ ಹಿಂದಿನಿಂದ.

"ಒಂದೇ ಕಾಲು ತೊಳೀತೀನಪ್ಪ," ಎಂದಳು ಯುಸ್ತಿನಾ ಗೆರ್ಹಾರ್ಟ್‌ಗೆ. "ಕುದುರೆ ಬಿದ್ಮೇಲೂ ಗಾಡಿ ನಿಲ್ಲಿಸ್ದೆ ಆಕ್ಸಿಲರೇಟರ್ ತುಳಿದ್ಯಲ್ಲ, ಆ ಕಾಲು. ಯಾವ್ದು, ಎಡವೋ ಬಲವೋ?"

ಗೆರ್ಹಾರ್ಟ್ ಅಪ್ಪನ ಕಡೆ ನೋಡಿದ. ಅಪ್ಪ ಬೈಬಲ್ಲಿನಿಂದ ತಲೆ ಎತ್ತಲಿಲ್ಲ. ಅವಳು ಕೈ ಚಾಚಿಕೊಂಡೇ ಇದ್ದಳು.

"ಬಲ," ಎಂದ ಅವನು. ಮೆಲ್ಲಗೇ ಎಂದ, ಕೊನೆಯ ಬೆಂಚಿನವರೆಗೂ ಕೇಳಿಸಿತು.

ಯುಸ್ತಿನಾಳ ಸಿಟ್ಟೇನೂ ಇಳಿಯಲಿಲ್ಲ. ಅವನ ಬಲಗಾಲನ್ನು ನೀರಿಗೆ ಎಳೆದುಕೊಂಡು, ತಿಕ್ಕಿ ತಿಕ್ಕಿ ತೊಳೆದಳು.