ತವರಿನ ಹಲ್ಲು

ನಮ್ಮ ಗಾಸ್ಪೆ ಕರಾವಳಿಯಲ್ಲಿ ಮಗಳ ಮದುವೆ ಗೊತ್ತಾದರೆ ಅಪ್ಪನಾದವನು ಎರಡು ಕಡೆ ಹೇಳಿ ಕಳಿಸಬೇಕಿತ್ತು. ಒಂದು ಪಾದ್ರಿಗೆ, ಇನ್ನೊಂದು ಹಲ್ಲಿನ ಡಾಕ್ಟರಿಗೆ. ಡಾಕ್ಟರು ಮನೆಗೇ ಬಂದು ಅಡುಗೆಮನೆಯ ಕಿಟಕಿ ಪಕ್ಕ ಕುರ್ಚಿ ಹಾಕಿಸಿ ಹುಡುಗಿಯ ಬಾಯಲ್ಲಿದ್ದ ಹಲ್ಲನ್ನೆಲ್ಲ ಕಿತ್ತು ಹೋಗುತ್ತಿದ್ದರು. ಗಾಯ ಮಾಯ್ದು ವಸಡು ಗಟ್ಟಿಯಾದ ಮೇಲೆ ಪಟ್ಟಣದಿಂದ ಕಟ್ಟಿಸಿದ ಹಲ್ಲಿನ ಸೆಟ್ಟು ಬರುತ್ತಿತ್ತು. ಹುಡುಗಿ ಅದನ್ನು ಹಾಕಿಕೊಂಡು ಚರ್ಚಿಗೆ ಹೋಗುವಳು. ಗಂಡನಾದವನಿಗೆ ಹೆಂಡತಿಯ ಹಲ್ಲುನೋವಿನ ರಗಳೆ ಯಾವತ್ತೂ ಇರಬಾರದು ಎಂಬುದು ಲೆಕ್ಕಾಚಾರ. ತವರಿನವರು ಕೊಡುವ ಕೊನೆಯ ಉಡುಗೊರೆ ಅದು. ಸ್ವಂತ ಹಲ್ಲಿಟ್ಟುಕೊಂಡೇ ಗಂಡನ ಮನೆ ಸೇರಿದವಳನ್ನು ಕಂಡರೆ ‘ಪಾಪ, ಅವಳಪ್ಪ ಜುಗ್ಗ’ ಎಂದು ಊರು ಆಡಿಕೊಳ್ಳುತ್ತಿತ್ತು. ಮನೆಮನೆಗೆ ಕರೆಂಟು ಬಂತು, ರೇಡಿಯೋ ಬಂತು. ಈ ಕುರ್ಚಿ ಮಾತ್ರ ಕಿಟಕಿ ಪಕ್ಕದಿಂದ ಏಳಲಿಲ್ಲ.

ಒನೆಸಿಮ್‌ಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಲೆಯೊನಿಯನ್ನು ಎಕ್ಸಿಲ್ಡಾಳ ಮಗ ಅಡೆಲಾರ್‌ಗೆ ಕೊಡುವುದೆಂದು ಮಾತಾಯಿತು. ಎಕ್ಸಿಲ್ಡಾ ವಿಧವೆ. ಮೀನು ಒಣಗಿಸುವ ಚಪ್ಪರಗಳಲ್ಲಿ ಅವಳ ಮಾತಿಗೆ ಗಂಡಸರೂ ಎದುರಾಡುತ್ತಿರಲಿಲ್ಲ. ನಿಶ್ಚಯದ ದಿನ ಇವರ ಮನೆಗೆ ಊಟಕ್ಕೆ ಬಂದವಳು ಮೊದಲು ತನ್ನ ಹಲ್ಲಿನ ಸೆಟ್ಟನ್ನು ತೆಗೆದು ತಟ್ಟೆಯ ಪಕ್ಕ ಇಟ್ಟಳು. ಅದು ಹಾಕಿಕೊಂಡು ಓಡಾಡುವುದಕ್ಕೆ, ತಿನ್ನುವುದಕ್ಕಲ್ಲ. ಆಮೇಲೆ ಎದುರಿಗೆ ಕೂತ ಸೊಸೆಯಾಗುವವಳನ್ನು ನೋಡುತ್ತ ಆಲೂಗೆಡ್ಡೆ ಕಿವುಚತೊಡಗಿದಳು.

ಲೆಯೊನಿ ಬೆಲ್ಲದ ಪಾಕದಂಥ ಕರಿ ಕಾಕಂಬಿ ಸವರಿದ ಬ್ರೆಡ್ಡನ್ನು ಕಚ್ಚಿ ಕೆಳಗಿಟ್ಟಳು. ಕಚ್ಚಿದ ಅಂಚಿನಲ್ಲಿ ಕೆಂಪು. ಎಕ್ಸಿಲ್ಡಾ ಚಾಕುವಿನ ತುದಿಯಿಂದ ಆ ಚೂರನ್ನು ಎಲ್ಲರಿಗೂ ಕಾಣುವಂತೆ ಮಗುಚಿದಳು.

“ಏನೇ ಇದು? ನಿಮ್ಮನೇಲಿ ಕಾಕಂಬಿ ಕೆಂಪಗಿರತ್ತಾ?”

“ವಸಡಲ್ಲಿ ಒಂಚೂರು ರಕ್ತ ಬರತ್ತೆ, ಅಷ್ಟೆ. ನೋವಿಲ್ಲ,” ಎಂದಳು ಲೆಯೊನಿ.

“ನೋವಿಲ್ಲ ಅಂದ್ರೆ ಒಳಗೊಳಗೇ ಕೊಳೀತಿದೆ ಅಂತ. ಒನೆಸಿಮ್, ಮೀನು ನಾರೋದು ತಲೆ ಕಡೆಯಿಂದ ಕಣಯ್ಯ. ನಿನ್ನ ಮಗಳು ನಾರೋಕೆ ಮುಂಚೆ ಶುಚಿ ಮಾಡಿಸಿ ಕೊಡು.”

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಒನೆಸಿಮ್ ಮಾತ್ರ ನಗದೆ ಎದೆ ಮುಟ್ಟಿಕೊಂಡ. “ಈಸ್ಟರ್ ಕಳೀಲಿ. ಹಿಮ ಕರಗಿ ದಾರಿ ಬಿಟ್ಟ ಕೂಡ್ಲೆ ಡಾಕ್ಟ್ರನ್ನ ಕರೆಸ್ತೀನಿ. ಅಕ್ಕಪಕ್ಕದೋರ್ನೆಲ್ಲ ಕರೆದು ನಿಮ್ಮೆದುರಿಗೇ ಕೀಳಿಸ್ತೀನಿ.”

ಲೆಯೊನಿಗೆ ತನ್ನ ಹಲ್ಲು ಬೇಕಾಗಿತ್ತು. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಅವು ಅವಳವು. ಹಲ್ಲಿಲ್ಲದ ಬಾಯಿ ಏನಾಗುತ್ತದೆಂದು ಅವಳು ಅಮ್ಮನಲ್ಲಿ ನೋಡಿದ್ದಳು. ಹಲ್ಲು ಹೋದ ಮೇಲೆ ದವಡೆಯ ಮೂಳೆ ವರ್ಷವರ್ಷಕ್ಕೂ ಸವೆದು, ಮದುವೆಯಲ್ಲಿ ಬಿಗಿಯಾಗಿ ಕೂತಿದ್ದ ಸೆಟ್ಟು ಈಗ ಬಾಯಲ್ಲಿ ಗಡಗಡ ಅಲ್ಲಾಡುತ್ತಿತ್ತು. ನಲವತ್ತು ದಾಟುವ ಮುಂಚೆಯೇ ಅಮ್ಮನ ತುಟಿ ದಾರ ಎಳೆದ ಚೀಲದ ಬಾಯಿಯಂತೆ ಒಳಗೆ ಸೇದಿಹೋಗಿತ್ತು. ಊಟಕ್ಕೆ ಕೂತರೆ ಗಂಜಿ, ಕಿವುಚಿದ ಆಲೂಗೆಡ್ಡೆ, ಚಹದಲ್ಲಿ ಅದ್ದಿದ ಬ್ರೆಡ್ಡು.

ತಂಗಿ ಅಲ್ಮಾಳದು ಬೇರೆ ಕತೆ. ಅವಳ ಮೇಲಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಶಾಲೆಯಲ್ಲಿ ಅವಳನ್ನು ‘ಬೇಲಿ’ ಎಂದು ಕರೆಯುತ್ತಿದ್ದರು. “ನಂಗೂ ಸೆಟ್ಟು ಮಾಡಿಸ್ಬಿಡಪ್ಪ, ಸಾಲಾಗಿ ಮುತ್ತಿನ ಹಾಗೆ ಬರತ್ತೆ,” ಎಂದು ಅವಳು ಹದಿನೈದರಿಂದಲೂ ಕಾಡುತ್ತಿದ್ದಳು. “ಗಂಡು ಬರಲಿ ತಾಳು,” ಎನ್ನುತ್ತಿದ್ದ ಅಪ್ಪ.

ಚಳಿಗಾಲದಲ್ಲಿ ಕೂಸುಗಳ ತೂಕ ನೋಡಲು ನರ್ಸ್ ತೆರಿಯೊ ಶಾಲೆಗೆ ಬಂದಾಗ ಲೆಯೊನಿ ಎಲ್ಲ ತಾಯಂದಿರೂ ಹೋಗುವವರೆಗೆ ಕಾದಿದ್ದು ಬಾಯಿ ತೆರೆದು ತೋರಿಸಿದಳು.

“ಬ್ರಷ್ ಮಾಡ್ತೀಯಾ?” ಎಂದಳು ನರ್ಸ್.

“ಮಾಡ್ತಿದ್ದೆ. ರಕ್ತ ಬರೋಕೆ ಶುರುವಾಯ್ತು, ಬಿಟ್ಟೆ. ಗಾಯ ಆದ ಜಾಗ ಮುಟ್ಟಬಾರದಲ್ವಾ?”

“ನಿಮ್ಮೂರೋರೆಲ್ಲ ಇದೇ ಹಾಡು ಹಾಡ್ತೀರಿ. ನೀನು ಮುಟ್ಟಲ್ಲ ಅಂತಲೇ ಕಣೆ ಅದು ಗಾಯ ಆಗಿರೋದು. ನಿಮ್ಮಪ್ಪ ದೋಣಿ ತಳಕ್ಕೆ ಕಟ್ಟಿದ ಚಿಪ್ಪು ಹೆರೆಯದೆ ಬಿಟ್ರೆ ಏನಾಗತ್ತೆ?”

“ಹಲಗೆ ಹಾಳಾಗತ್ತೆ.”

“ಇದೂ ಹಂಗೇನೆ. ತಿಂದ ಮೇಲೆ ಹಲ್ಲಿನ ಬುಡದಲ್ಲಿ ಲೋಳೆ ಕೂರತ್ತೆ. ಉಜ್ಜಿ ತೆಗೀದಿದ್ರೆ ಕಲ್ಲು ಕಟ್ಟತ್ತೆ. ವಸಡು ಊದ್ಕೊಳ್ಳತ್ತೆ, ರಕ್ತ ಬರತ್ತೆ. ಇಷ್ಟರಲ್ಲೇ ಎಚ್ಚರ ಆದ್ರೆ ಪೂರ್ತಿ ವಾಸಿ ಆಗತ್ತೆ. ಹಾಗೇ ಬಿಟ್ರೆ ವಸಡು ಹಲ್ಲಿನಿಂದ ಬಿಟ್ಕೊಂಡು ಸಂದಿ ಬೀಳತ್ತೆ, ಸಂದೀಲಿ ಕೀವು, ಕೆಳಗೆ ಮೂಳೆ ಕರಗತ್ತೆ. ಹಲ್ಲು ಅಲ್ಲಾಡತ್ತೆ. ಕರಗಿದ ಮೂಳೆ ಮತ್ತೆ ಬರಲ್ಲ.”

“ನಂದು?”

“ಮೂಳೆಗೆ ಇಳಿದಿಲ್ಲ. ನಿನ್ನ ಪುಣ್ಯ.”

ಮುಂದಿನ ವಾರ ನರ್ಸ್ ಅವಳನ್ನು ಹಿಮದ ಮೇಲೂ ಓಡುವ ತನ್ನ ಗಾಡಿಯಲ್ಲಿ ಪಟ್ಟಣಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಡಾಕ್ಟರ್ ವಶೋನ್ ಸಣ್ಣ ಕೊಕ್ಕೆಯಿಂದ ವಸಡಿನ ಅಂಚಿನಡಿ ಕೂತಿದ್ದ ಕಲ್ಲನ್ನು ಕೆರೆದು ತೆಗೆದರು. ಉಗಿದಾಗಲೆಲ್ಲ ರಕ್ತದ ಜೊತೆ ಮರಳಿನಂಥ ಕರಿ ಚೂರು ಬಿದ್ದವು. ಬ್ರಷ್ಷನ್ನು ವಸಡಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಆಡಿಸುವುದು, ಹಲ್ಲಿನ ಸಂದಿಗೆ ಮೇಣದ ದಾರ ಹಾಕುವುದು, ಎಲ್ಲವನ್ನೂ ನರ್ಸ್ ಹೇಳಿಕೊಟ್ಟಳು. “ಮೊದಮೊದಲು ರಕ್ತ ಜಾಸ್ತಿ ಬರತ್ತೆ. ಹೆದರಿ ಬಿಡಬೇಡ.”

ಜಾಸ್ತಿಯೇ ಬಂತು. ಬೆಳಗ್ಗೆ ಉಗಿದ ಬೋಗುಣಿ ಕೆಂಪಾದದ್ದನ್ನು ನೋಡಿ ಅಮ್ಮ ಶಿಲುಬೆಯ ಗುರುತು ಮಾಡಿಕೊಂಡಳು. “ಬಾಯಿ ಕೊಯ್ಕೋತಿದ್ದಾಳೆ ನೋಡಿ,” ಎಂದು ಗಂಡನನ್ನು ಕರೆದಳು. ಒನೆಸಿಮ್ ಬ್ರಷ್ಷನ್ನು ಎತ್ತಿ ಒಲೆಗೆ ಹಾಕಿದ. ಲೆಯೊನಿ ಬಟ್ಟೆಯ ಚೂರನ್ನು ಉಪ್ಪುನೀರಿನಲ್ಲಿ ಅದ್ದಿ ಬೆರಳಿಗೆ ಸುತ್ತಿಕೊಂಡು ದನದ ಕೊಟ್ಟಿಗೆಯಲ್ಲಿ ಕೂತು ಉಜ್ಜಿದಳು. ನರ್ಸ್ ಮತ್ತೆ ಬಂದಾಗ ಇನ್ನೊಂದು ಬ್ರಷ್ ಇಸಿದುಕೊಂಡು ಹುಲ್ಲಿನಲ್ಲಿ ಬಚ್ಚಿಟ್ಟಳು. ಈಸ್ಟರಿನ ಉಪವಾಸ ಮುಗಿಯುವ ಹೊತ್ತಿಗೆ ಊತ ಇಳಿದಿತ್ತು. ನೇರಳೆ ಬಣ್ಣಕ್ಕೆ ತಿರುಗಿದ್ದ ವಸಡು ತೆಳುಗುಲಾಬಿಯಾಗಿ ಹಲ್ಲಿಗೆ ಬಿಗಿದು ಕೂತಿತ್ತು.

ಅವಳು ಅಪ್ಪನೆದುರು ನಿಂತು ಬಿಳಿ ಕರವಸ್ತ್ರದಿಂದ ವಸಡನ್ನೆಲ್ಲ ಒತ್ತಿ ಒರೆಸಿ ಬಿಡಿಸಿ ತೋರಿಸಿದಳು. “ನೋಡಪ್ಪ. ಒಂದು ಹನಿ ಇಲ್ಲ.”

ಬಲೆ ಹೆಣೆಯುತ್ತಿದ್ದ ಒನೆಸಿಮ್ ಕತ್ತು ಚಾಚಿ ನಿಧಾನವಾಗಿ ನೋಡಿದ. “ಒಳ್ಳೇದಾಯ್ತು ಬಿಡು,” ಎಂದ. “ಕೀಳೋವಾಗ ರಕ್ತ ಕಮ್ಮಿ ಹೋಗತ್ತೆ.”

ಉಳಿದದ್ದು ಅಡೆಲಾರ್. ಹಲ್ಲು ಇರಲಿ ಎಂದು ಅವನು ಒಪ್ಪಿದರೆ ಯಾರೂ ಏನೂ ಮಾಡಲಾರರು ಎಂದುಕೊಂಡು ಅವಳು ದಂಡೆಗೆ ಹೋಗಿ ಅವನನ್ನು ಕಂಡಳು. ಅವನು ಹೊಗೆಸೊಪ್ಪು ಜಗಿಯುತ್ತ ದೋಣಿಗೆ ಡಾಂಬರು ಬಳಿಯುತ್ತಿದ್ದ. ಮಾತಾಡುವಾಗ ಅವನ ಕೆಳಸಾಲಿನ ಮುಂದಿನ ಹಲ್ಲೊಂದು ನಾಲಿಗೆ ತಾಕಿದರೆ ಸಾಕು, ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತಿತ್ತು. ಉಸಿರು ಡಾಂಬರನ್ನೂ ಮೀರಿ ನಾರುತ್ತಿತ್ತು. ಲೆಯೊನಿ ಗಾಳಿ ಬರುವ ಕಡೆ ಸರಿದು ನಿಂತಳು.

“ನಿನ್ನ ಹಲ್ಲು ನಂಗಿಷ್ಟಾನೇ ಕಣೆ. ಆದ್ರೆ ಅಮ್ಮ ಊರಿಗೆಲ್ಲ ಹೇಳ್ಬಿಟ್ಟಿದ್ದಾಳೆ.”

“ನೀನೊಮ್ಮೆ ನರ್ಸಿಗೆ ತೋರಿಸು ಅಡೆಲಾರ್. ನಿಂದು ನನ್ನದಕ್ಕಿಂತ ಮುಂದೆ ಹೋಗಿದೆ. ಹೊಗೆಸೊಪ್ಪು ಬೇರೆ.”

ಅವನು ಪಚಕ್ಕನೆ ಉಗಿದು ನಕ್ಕ. “ಗಂಡಸಿನ ಬಾಯಿ ಮೀನುಗಾರನ ಬೂಟಿದ್ದಂಗೆ. ನಾರ್ತಿದ್ರೇನೇ ದುಡೀತಿದಾನೆ ಅಂತ ಅರ್ಥ.”

ದಾರಿ ಬಿಟ್ಟಿತು. ಹೇಳಿದ ದಿನ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಕ್ಕಮ್ಮಂದಿರು, ಅತ್ತೆಯಂದಿರು ತಟ್ಟೆಯಗಲದ ಸಿಹಿ ಕಡುಬು ಕಟ್ಟಿಕೊಂಡು ಬಂದಿದ್ದರು. ಒಲೆಯ ಮೇಲೆ ನೀರು ಮರಳುತ್ತಿತ್ತು. ಎಕ್ಸಿಲ್ಡಾ ಬೆಂಕಿಗೆ ಹತ್ತಿರದ ಜಾಗ ಹಿಡಿದಿದ್ದಳು. ಅಡೆಲಾರ್ ಬಾಗಿಲಿಗೆ ಒರಗಿದ್ದ. “ಇವತ್ತಿಂದ ಕಚ್ಚೋಕಾಗಲ್ಲ ಲೆಯೊನಿ, ಗಂಡನ್ನ ಹೆದರಿಸೋಕೆ ಬೇರೆ ಏನಾದ್ರೂ ಕಲ್ತ್ಕೋ,” ಎಂದಳು ಒಬ್ಬ ಚಿಕ್ಕಮ್ಮ. ನಗೆ ಎದ್ದಿತು.

ಡಾಕ್ಟರ್ ವಶೋನ್ ಕೋಟು ಕಳಚಿ ಲೆಯೊನಿಯನ್ನು ಕುರ್ಚಿಯಲ್ಲಿ ಕೂರಿಸಿ ಬಾಯೊಳಗೆ ಕನ್ನಡಿ ಹಿಡಿದರು. ತಾವೇ ಕೆರೆದು ಕಳಿಸಿದ್ದ ಬಾಯಿ. ವಸಡಿನ ಅಂಚಿಗೆ ಮೊಂಡು ಕಡ್ಡಿ ಇಳಿಸಿ ನೋಡಿದರು. ಎಲ್ಲೂ ಆಳವಿಲ್ಲ, ಎಲ್ಲೂ ರಕ್ತವಿಲ್ಲ. “ಶಭಾಷ್,” ಎಂದವರು ಆಮೇಲೆ ತಲೆಯೆತ್ತಿ, “ಒನೆಸಿಮ್, ಇಲ್ಲಿ ಕೀಳೋಂಥದ್ದು ಒಂದೂ ಇಲ್ಲಪ್ಪ. ಹೀಗೇ ನೋಡ್ಕೊಂಡ್ರೆ ಇವಳು ಮುದುಕಿ ಆದ್ರೂ ಇವು ಇರ್ತವೆ.”

“ನಿಮ್ಮನ್ನ ಕರೆಸಿದ್ದು ಕಣಿ ಹೇಳೋಕಲ್ಲ ಡಾಕ್ಟ್ರೇ.”

“ಹೇಳೋದು ನನ್ನ ಧರ್ಮ. ಹೇಳಿದೆ.” ಡಾಕ್ಟರು ಸೂಜಿಗೆ ಮದ್ದು ಏರಿಸತೊಡಗಿದರು.

ಲೆಯೊನಿ ಎದ್ದು ನಿಂತಳು. “ಮೊದ್ಲು ಅಡೆಲಾರ್ ಬಾಯಿ ನೋಡಿ.”

ಹೆಂಗಸರಿಗೆ ಇದು ಹೊಸ ತಮಾಷೆ. ನೂಕಿದರು, ಎಳೆದರು, ಅವನನ್ನು ಕಿಟಕಿಯ ಬೆಳಕಿಗೆ ತಂದು ನಿಲ್ಲಿಸಿದರು. ಡಾಕ್ಟರು ನಗುತ್ತಲೇ ಅವನ ಕೆಳತುಟಿ ಎಳೆದು ವಸಡಿನ ಮೇಲೆ ಹೆಬ್ಬೆರಳು ಒತ್ತಿದರು. ಹಲ್ಲಿನ ಬುಡದಿಂದ ಹಳದಿ ಕೀವು ಜಿನುಗಿತು. ಡಾಕ್ಟರು ನಗುವುದನ್ನು ನಿಲ್ಲಿಸಿ ಬೆರಳು ಒರೆಸಿಕೊಂಡರು. “ಇವನಿಗೆ ಮುಂದಿನ ಸಾಲಿನ ಮೂಳೆ ಅರ್ಧ ಹೋಗಿದೆ. ಕುರ್ಚಿ ಬೇಕಾಗಿರೋದು ಇವನಿಗೆ.”

ಹೆಂಗಸರು ಅವನ ತೋಳು ಬಿಟ್ಟು ಹಿಂದೆ ಸರಿದರು. ಎಕ್ಸಿಲ್ಡಾ ಮಾತ್ರ ಸೋಲಲಿಲ್ಲ. “ಗಂಡಸಿಗೆ ಯಾವ ತವರು ಹಲ್ಲು ಕಟ್ಟಿಸತ್ತೆ ಡಾಕ್ಟ್ರೇ?” ಎಂದಳು. ಹೆಂಗಸರು ಬದುಕಿದೆವೆಂಬಂತೆ ನಕ್ಕರು.

ಅಡೆಲಾರ್‌ನ ಕಿವಿ ಕೆಂಪಾಗಿತ್ತು. “ಕೂತ್ಕೋ ಲೆಯೊನಿ. ಇಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೆದದ್ದು ಸಾಕು.”

“ಕೂರಲ್ಲ.”

“ಕೂರದಿದ್ರೆ ಮದುವೆ ಇಲ್ಲ.”

“ಬೇಡ,” ಎಂದಳು ಲೆಯೊನಿ.

ಒನೆಸಿಮ್ ಕೂಗಾಡುತ್ತಾನೆ, ಕೈ ಎತ್ತುತ್ತಾನೆ ಎಂದು ಎಲ್ಲರೂ ಕಾದರು. ಅವನು ಮರಳುವ ನೀರನ್ನು ನೋಡಿದ, ಖಾಲಿ ಕುರ್ಚಿಯನ್ನು ನೋಡಿದ, ಕಡುಬು ತಂದವರನ್ನೆಲ್ಲ ನೋಡಿದ. ಈ ಮನೆಗೆ ಬಂದ ಹಲ್ಲಿನ ಡಾಕ್ಟರು ಒಂದು ಹಲ್ಲೂ ಕೀಳದೆ ಹೋದರು ಎಂಬ ಮಾತು ನಾಳೆ ದಂಡೆಯುದ್ದಕ್ಕೂ ಹರಡುವುದು ಅವನಿಗೆ ಕೇಳಿಸುತ್ತಿದ್ದಿರಬೇಕು.

“ಅಲ್ಮಾ,” ಎಂದ. “ಬಾರೆ ಇಲ್ಲಿ.”

ಅಲ್ಮಾ ಜಗಿಯುತ್ತಿದ್ದ ಮರದ ಅಂಟನ್ನು ಕಿಟಕಿಯ ಚೌಕಟ್ಟಿಗೆ ಅಂಟಿಸಿ, ಏಪ್ರನ್ ಬಿಚ್ಚಿ, ಓಡಿ ಬಂದು ಕೂತೇಬಿಟ್ಟಳು.

“ನಿನ್ನ ವಸಡು ಒಂದು ದಿನವೂ ರಕ್ತ ಕಂಡಿಲ್ಲ ಕಣೆ! ಏಳು!” ಲೆಯೊನಿ ಅವಳ ತೋಳು ಹಿಡಿದು ಎಳೆದಳು.

“ನಿಂಗೆ ಬೇಡದ್ದು ನಂಗೂ ಸಿಗಬಾರದಾ? ನಿನ್ನ ಹಲ್ಲು ಸಾಲಾಗಿದೆ, ನಿನಗೇನು ಗೊತ್ತು ನನ್ನ ಸಂಕಟ.”

“ನಾನೇ ಕೂರ್ತೀನಿ. ಅಪ್ಪ, ನಾನೇ ಕೂರ್ತೀನಿ, ಅವಳನ್ನ ಏಳಿಸು.”

“ನಿನ್ನನ್ನ ಕೇಳಿ ಆಯ್ತು,” ಎಂದ ಒನೆಸಿಮ್. ಅಲ್ಮಾ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅಮ್ಮ ಬೋಗುಣಿ ತಂದು ಲೆಯೊನಿಯ ಕೈಗೆ ತುರುಕಿದಳು. “ಹಿಡ್ಕೊಂಡು ನಿಂತ್ಕೋ. ನೀನು ಮಾಡಬೇಕಾದ್ದನ್ನ ಅವಳು ಮಾಡ್ತಿದ್ದಾಳೆ.”

ಡಾಕ್ಟರು ಒಳಗೆ ಕನ್ನಡಿ ಹಿಡಿದವರು ಈ ಸಲ ಏನೂ ಹೇಳಲಿಲ್ಲ. ಸೂಜಿ ಚುಚ್ಚಿದರು, ಮರಗಟ್ಟಲು ಬಿಟ್ಟರು, ಇಕ್ಕಳ ಎತ್ತಿಕೊಂಡರು.

ರೋಗದ ಹಲ್ಲು ಒದ್ದೆ ಮಣ್ಣಿಗೆ ಚುಚ್ಚಿದ ಮೊಳೆಯಂತೆ ಬಂದುಬಿಡುತ್ತದೆ. ಅಲ್ಮಾಳ ಹಲ್ಲಿಗೆ ಮೂಳೆ ಪೂರ್ತಿ ಇತ್ತು, ಅದು ಬಿಡಲಿಲ್ಲ. ಡಾಕ್ಟರು ಕುರ್ಚಿಯ ಅಂಚಿಗೆ ಮೊಣಕಾಲು ಊರಿ ಅತ್ತಿತ್ತ ತಿರುಚಿ ಎಳೆಯಬೇಕಾಯಿತು. ಒಣ ಕಟ್ಟಿಗೆ ಮುರಿದಂಥ ಸದ್ದು ಕೋಣೆಯ ಆ ಮೂಲೆಗೂ ಕೇಳಿಸುತ್ತಿತ್ತು. ಒಂದು ದವಡೆಹಲ್ಲು ನಡುವಿಗೆ ಮುರಿಯಿತು. ಬೇರನ್ನು ಅಗೆದು ತೆಗೆಯುವಷ್ಟರಲ್ಲಿ ಮದ್ದಿನ ಜೋಮು ಇಳಿಯತೊಡಗಿತ್ತು. ಮೊದಲು ಚಿಕ್ಕಮ್ಮಂದಿರಿಗೆ ಕಣ್ಣು ಮಿಟುಕಿಸುತ್ತಿದ್ದ ಅಲ್ಮಾ ಆಮೇಲೆ ಕಣ್ಣು ಮುಚ್ಚಿದಳು. ಅವಳ ಹಿಮ್ಮಡಿ ನೆಲವನ್ನು ಬಡಿಯುತ್ತಿತ್ತು. ಹೆಂಗಸರು ಕಡುಬು ಕೊಯ್ದು ಹಂಚಿಕೊಂಡರು.

ಎಕ್ಸಿಲ್ಡಾ ತಟ್ಟೆ ಹಿಡಿದೇ ತನ್ನ ಕುರ್ಚಿಯನ್ನು ಅಲ್ಮಾಳ ಹತ್ತಿರಕ್ಕೆ ಎಳೆದುಕೊಂಡಳು. “ಇವಳು ಅರಚಲ್ಲ,” ಎಂದಳು. ಇನ್ನಷ್ಟು ಹೊತ್ತು ನೋಡಿದಳು. “ಒನೆಸಿಮ್, ಈ ಹುಡುಗಿಗೆ ವಯಸ್ಸೆಷ್ಟು?”

“ಬೇಸಿಗೆಗೆ ಹತ್ತೊಂಬತ್ತು ತುಂಬತ್ತೆ.”

ಎಕ್ಸಿಲ್ಡಾ ಬಾಗಿಲ ಕಡೆ ತಿರುಗಿ ಮಗನ ಮುಖ ನೋಡಿದಳು. ಅಡೆಲಾರ್ ಆಗಲಿ ಎಂಬಂತೆ ಭುಜ ಕುಣಿಸಿದ. ಅಷ್ಟಕ್ಕೆ ಮಾತು ಮುಗಿಯಿತು.

ಲೆಯೊನಿ ಬೋಗುಣಿಯಲ್ಲಿದ್ದ ರಕ್ತ, ಹಲ್ಲು ಚೆಲ್ಲಲು ದಂಡೆಗೆ ಹೋದಳು. ಕಡಲಹಕ್ಕಿಗಳು ಮೀನಿನ ಕರುಳೆಂದು ಮುತ್ತಿ, ಗಟ್ಟಿಯಾದದ್ದನ್ನು ಕುಕ್ಕಿ ನೋಡಿ ಬಿಟ್ಟುಹೋದವು. ಅವಳು ವಾಪಸು ಬಂದಾಗ ಎಕ್ಸಿಲ್ಡಾ ಅಲ್ಮಾಳ ಗಲ್ಲವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಹುಡುಗಿಯ ಬಾಯಿ ತುಂಬ ಹತ್ತಿ.

“ಎಲ್ಲಿ, ‘ಅತ್ತೆ’ ಅನ್ನು ನೋಡೋಣ,” ಎಂದಳು ಎಕ್ಸಿಲ್ಡಾ.

ಅಲ್ಮಾ ಏನೋ ಅಂದಳು, ತಿಳಿಯಲಿಲ್ಲ. ಹೆಂಗಸರು ನಕ್ಕು ಇನ್ನೊಮ್ಮೆ ಹೇಳೆಂದರು. ಅವಳು ಇನ್ನೊಮ್ಮೆ ಹೇಳಿದಳು, ಹತ್ತಿ ಜಾರಿ ಮಡಿಲಿಗೆ ಬಿತ್ತು. ಕೊನೆಗೂ ಆ ಮಾತು ಹೇಗೋ ಹೊರಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒನೆಸಿಮ್ ಡಾಕ್ಟರಿಗೆ ಕಡುಬಿನ ದೊಡ್ಡ ತುಂಡು ಹಾಕಿಕೊಟ್ಟ.